ಟೊಮೆಟೊ ಊಜಿ ಎಂದು ಕೇಳಿದರೆ ಕಿಟಕಿಗೆ ಪರದೆ ಕಟ್ಟಿ ಎಂದರು: ದೊಡ್ಡವರ ನೇರಪ್ರಸಾರದಲ್ಲಿ ಪ್ರಶ್ನೆ ಕೇಳಿ ಉಪಯೋಗವಿದೆಯೇ?

ವೇಮಗಲ್ ಟೊಮೆಟೊ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದೇ ವಾರದಲ್ಲಿ ಎರಡು ಸಂಗತಿ ನಡೆದವು. ಎರಡನ್ನೂ ಹೇಳಿ ಆಮೇಲೆ ಪ್ರಶ್ನೆಗೆ ಬರುತ್ತೇನೆ.

ಮೊದಲನೆಯದು ತಂಗಿಯದು. ಒಬ್ಬ ನಟರು ತಮ್ಮ ಖಾತೆಯಲ್ಲಿ, ಹದಿನೈದು ನಿಮಿಷ ಬಿಡುವಾಗಿದ್ದೇನೆ, ಏನು ಬೇಕಾದರೂ ಕೇಳಿ ಎಂದು ಹಾಕಿದರು. ಇವಳು "ಸರ್, ಕೋಲಾರಕ್ಕೆ ಯಾವಾಗ ಬರುತ್ತೀರಿ?" ಎಂದಳು. "ಬೇಗ" ಎಂದು ಉತ್ತರ ಬಂತು. ಎರಡೇ ಅಕ್ಷರ. ಅದರ ಸ್ಕ್ರೀನ್‌ಶಾಟ್ ನೆಂಟರ ವಾಟ್ಸ್ಆ್ಯಪ್ ಗುಂಪಿಗೆ ಹೋಯಿತು. ಮಾಲೂರಿನ ಚಿಕ್ಕಮ್ಮ ಫೋನ್ ಮಾಡಿ ಅಭಿನಂದಿಸಿದರು. ಪಿಯುಸಿಯಲ್ಲಿ ಅವಳು ಶೇ 88 ತೆಗೆದಾಗ ಈ ಫೋನ್ ಬಂದಿರಲಿಲ್ಲ.

ಎರಡನೆಯದು ನನ್ನದು. ಕೃಷಿ ವಿಜ್ಞಾನಿಯೊಬ್ಬರು ಫೇಸ್‌ಬುಕ್‌ನಲ್ಲಿ ನೇರವಾಗಿ ರೈತರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. "ಊಜಿ ಕಾಟ ಜಾಸ್ತಿ, ಏನು ಮಾಡಬೇಕು ಸರ್?" ಎಂದು ಬರೆದೆ. ನನ್ನ ಹೆಸರು ಓದಿದರು! ಅಪ್ಪನನ್ನು ಕೂಗಿ ಕರೆದೆ. ಅವರು ಬಹಳ ಅಕ್ಕರೆಯಿಂದ, ಹುಳು ಮನೆಯ ಕಿಟಕಿಗಳಿಗೆಲ್ಲ ನೈಲಾನ್ ಪರದೆ ಕಟ್ಟಬೇಕು, ಬಾಗಿಲಿಗೂ ಒಂದು ಪರದೆ ಇರಬೇಕು, ಸೊಪ್ಪು ತರುವಾಗ ನೊಣ ಜೊತೆಯಲ್ಲಿ ಬರದಂತೆ ನೋಡಿಕೊಳ್ಳಬೇಕು ಎಂದು ಎರಡು ನಿಮಿಷ ವಿವರಿಸಿದರು. ಅದೆಲ್ಲ ರೇಷ್ಮೆ ಹುಳುವಿನ ಊಜಿಗೆ. ನಾನು ಕೇಳಿದ್ದು ಟೊಮೆಟೊ ಊಜಿ. ಅಪ್ಪ ಮೊಬೈಲ್ ನೋಡಿದರು, ತೋಟ ನೋಡಿದರು, "ಒಂದೂವರೆ ಎಕರೆಗೆ ಕಿಟಕಿ ಎಲ್ಲಿ ಇಡಿಸೋಣ?" ಎಂದು ಎದ್ದು ಹೋದರು.

ಈಗ ಪ್ರಶ್ನೆ. ಇಂಥ ಕಡೆ ಕೇಳಿ ನಿಮಗೆ ಯಾರಿಗಾದರೂ ನಿಜವಾಗಿ ಉಪಯೋಗವಾಗಿದೆಯೇ? ಆಗಿದ್ದರೆ ಹೇಗೆ ಕೇಳಿದಿರಿ? ಇನ್ನೊಂದು: ಆ ದೊಡ್ಡವರು ಸ್ವತಃ ಟೈಪ್ ಮಾಡುತ್ತಾರೆಯೇ? "ಬೇಗ" ಎಂದದ್ದು ನಟರೇ ಎಂದು ತಂಗಿ ನಂಬಿದ್ದಾಳೆ. ನಾನು ನಂಬಿಲ್ಲ. ಮನೆಯಲ್ಲಿ ಮಾತು ಬಿಟ್ಟಿದ್ದಾಳೆ.

ಶಿಡ್ಲಘಟ್ಟ ರೀಲರ್

ತಪ್ಪು ವಿಜ್ಞಾನಿಯದಲ್ಲ, ನಿಮ್ಮದು. ಊಜಿ ಎಂದರೆ ರೇಷ್ಮೆ ಹುಳುವಿನ ಊಜಿಯೇ. ನಮ್ಮ ಹೆಸರನ್ನು ನೀವು ಟೊಮೆಟೊದವರು ಎತ್ತಿಕೊಂಡು ಹೋಗಿದ್ದೀರಿ.

ವೇಮಗಲ್ ಟೊಮೆಟೊ

ಅಣ್ಣಾ, ನಮ್ಮ ಮಾರುಕಟ್ಟೆಗೆ ಬಂದು ಕೇಳಿ ನೋಡಿ. ಹಣ್ಣಿನಲ್ಲಿ ಸೂಜಿ ಚುಚ್ಚಿದಷ್ಟು ತೂತು ಕಂಡರೆ ದಲ್ಲಾಳಿಯಿಂದ ಹಿಡಿದು ಹಮಾಲಿಯವರೆಗೆ ಎಲ್ಲರೂ ಊಜಿ ಎಂದೇ ಹೇಳುವುದು.

ಶಿಡ್ಲಘಟ್ಟ ರೀಲರ್

ಹೇಳಲಿ. ಆದರೆ ಎರಡೂ ಬೇರೆ ಜೀವ. ನಮ್ಮದು ನೊಣ. 1980ರಲ್ಲಿ ಪಶ್ಚಿಮ ಬಂಗಾಳದ ಗೂಡಿನ ಜೊತೆ ಕರ್ನಾಟಕಕ್ಕೆ ಬಂತು. ಹುಳುವಿನ ಮೈ ಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೆ ಹೊಕ್ಕ ಜಾಗದಲ್ಲಿ ಕರಿ ಚುಕ್ಕೆ ಬೀಳುತ್ತದೆ. ಗೂಡು ಕಟ್ಟಿದ ಮೇಲೆ ತೂತು ಕೊರೆದು ಹೊರಬಂದರೆ ಮುಗಿಯಿತು, ಆ ಗೂಡಿನಿಂದ ಎಳೆ ಬಿಚ್ಚುವುದಿಲ್ಲ. ನಿಮ್ಮದು ಪತಂಗ. ಟೂಟಾ ಅಬ್ಸೊಲ್ಯೂಟಾ ಎನ್ನುತ್ತಾರೆ, ದಕ್ಷಿಣ ಅಮೆರಿಕದ್ದು, ನಮ್ಮ ದೇಶದಲ್ಲಿ 2014ರಲ್ಲಿ ಕಾಣಿಸಿಕೊಂಡಿತು. ಎಲೆಯ ಎರಡು ಪದರದ ನಡುವೆ ಸುರಂಗ ತೋಡಿಕೊಂಡು ತಿನ್ನುತ್ತದೆ. ಅದಕ್ಕೆ ಪರದೆಯಲ್ಲ, ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಮೋಹಕ ಬಲೆ ಕಟ್ಟಬೇಕು. ನೋಡಿ, ನಾನೇ ಉತ್ತರ ಕೊಟ್ಟುಬಿಟ್ಟೆ. ನಿಮಗೆ ವಿಜ್ಞಾನಿಯ ನೇರಪ್ರಸಾರ ಏಕೆ ಬೇಕಿತ್ತು?

ಗುಬ್ಬಿ ಗೇಟ್

ರೀಲರ್ ಅಣ್ಣನಿಗೆ ಟೊಮೆಟೊ ವಿಷಯ ಇಷ್ಟು ಹೇಗೆ ಗೊತ್ತು?

ಶಿಡ್ಲಘಟ್ಟ ರೀಲರ್

ಮಾವನ ಮನೆ ಚಿಂತಾಮಣಿ ಕಡೆ. ಊಟಕ್ಕೆ ಕುಳಿತರೆ ಬೇರೆ ಮಾತೇ ಇಲ್ಲ.

ನಿವೃತ್ತ ಮೇಷ್ಟ್ರು, ಗೌರಿಬಿದನೂರು

ಮಗೂ, ಇದೇನೂ ಹೊಸ ಹುಚ್ಚಲ್ಲ. ಮೊಬೈಲ್ ಬರುವ ಮುಂಚೆ ನಾವು ಇದೇ ಕೆಲಸವನ್ನು ಅಂಚೆ ಕಾರ್ಡಿನಲ್ಲಿ ಮಾಡುತ್ತಿದ್ದೆವು. ಸುಧಾ ವಾರಪತ್ರಿಕೆಯಲ್ಲಿ ಬೀಚಿಯವರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ನಾನೂ ನನ್ನ ಸಹಪಾಠಿಯೊಬ್ಬನೂ ಪೈಪೋಟಿಯಿಂದ ಕಾರ್ಡ್ ಹಾಕುತ್ತಿದ್ದೆವು. ಹನ್ನೊಂದು ಕಾರ್ಡ್ ಹಾಕಿದರೂ ನನ್ನದು ಬರಲಿಲ್ಲ. ಅವನು ಒಂದೇ ಕಾರ್ಡ್ ಹಾಕಿದ, ಅಚ್ಚಾಯಿತು. ಹೋಟೆಲಿನಲ್ಲಿ ಎಲ್ಲರಿಗೂ ಕಾಫಿ ಕೊಡಿಸಿದ. ಬಿಲ್ಲು ಕೊಡುವಾಗ ಜೇಬಿನಲ್ಲಿ ಹಣವಿರಲಿಲ್ಲ, ನಾನು ಕೊಟ್ಟೆ.

ನನ್ನ ಹನ್ನೊಂದು ಪ್ರಶ್ನೆಗಳನ್ನು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಎಲ್ಲವೂ ನನ್ನ ಜಾಣತನ ತೋರಿಸುವ ಪ್ರಶ್ನೆಗಳು. ಅವರಿಗೆ ಉತ್ತರ ಹೇಳಲು ಜಾಗವನ್ನೇ ಬಿಟ್ಟಿರಲಿಲ್ಲ.

ಒತ್ತಕ್ಷರ (ಮಧುಗಿರಿ)

ಮೇಷ್ಟ್ರೇ, ಅಂಕಣದ ಹೆಸರು "ನೀವು ಕೇಳಿದಿರಿ?" ಕೊನೆಯ ಪ್ರಶ್ನಾರ್ಥಕ ಚಿಹ್ನೆ ಮುಖ್ಯ.

ನಿವೃತ್ತ ಮೇಷ್ಟ್ರು, ಗೌರಿಬಿದನೂರು

ಒಪ್ಪಿದೆ. ನಿನ್ನನ್ನು ನನ್ನ ತರಗತಿಯಲ್ಲಿ ಕೂರಿಸಿಕೊಂಡಿದ್ದರೆ ನನಗೆ ರಕ್ತದೊತ್ತಡ ಇನ್ನೂ ಬೇಗ ಬರುತ್ತಿತ್ತು.

ಹಿರೇಹಳ್ಳಿ ಸಾಫ್ಟ್‌ವೇರ್

ಸ್ವತಃ ಟೈಪ್ ಮಾಡುತ್ತಾರೆಯೇ ಎಂಬುದಕ್ಕೆ. ಕೆಲವರು ಮಾಡುತ್ತಾರೆ, ಹಲವರು ಮಾಡುವುದಿಲ್ಲ, ಮಾಡದಿರುವುದು ಯಾವಾಗಲೂ ಮೋಸವೂ ಅಲ್ಲ. ರೆಡ್ಡಿಟ್ ಎಂಬ ಚರ್ಚಾತಾಣದಲ್ಲಿ "ಏನು ಬೇಕಾದರೂ ಕೇಳಿ" ಎಂಬ ವಿಭಾಗ 2009ರಿಂದ ಇದೆ. ಅಲ್ಲಿ ವಿಕ್ಟೋರಿಯಾ ಟೇಲರ್ ಎಂಬ ಉದ್ಯೋಗಿ ಇದ್ದರು. ಪ್ರಸಿದ್ಧರನ್ನು ಕರೆತರುವುದು, ಬಂದವರು ಅವರೇ ಎಂದು ಖಚಿತಪಡಿಸುವುದು ಅವರ ಕೆಲಸ. ಎಷ್ಟೋ ಸಲ ಫೋನಿನಲ್ಲಿ ಪ್ರಶ್ನೆ ಓದಿ ಹೇಳಿ, ಅವರು ಹೇಳಿದ ಉತ್ತರವನ್ನು ತಾವೇ ಟೈಪ್ ಮಾಡುತ್ತಿದ್ದರು. 2015ರ ಜುಲೈಯಲ್ಲಿ ಆಕೆಯನ್ನು ಕೆಲಸದಿಂದ ತೆಗೆದಾಗ ಸಂಬಳವಿಲ್ಲದೆ ಅಲ್ಲಿ ದುಡಿಯುತ್ತಿದ್ದ ನಿರ್ವಾಹಕರು ಸಿಟ್ಟಿಗೆದ್ದು ದೊಡ್ಡ ದೊಡ್ಡ ವಿಭಾಗಗಳಿಗೇ ಬೀಗ ಹಾಕಿದರು. ಅಂದರೆ ನಡುವೆ ಕುಳಿತು ಟೈಪ್ ಮಾಡುವವರ ಬೆಲೆ ಅಷ್ಟಿತ್ತು.

ಒಬಾಮ ಅವರು 2012ರ ಆಗಸ್ಟ್ 29ರಂದು ಅಧ್ಯಕ್ಷರಾಗಿದ್ದಾಗಲೇ ಅಲ್ಲಿಗೆ ಬಂದಿದ್ದರು. ಸುಮಾರು ಅರ್ಧ ಗಂಟೆ ಇದ್ದರು. ಸಾವಿರಾರು ಪ್ರಶ್ನೆ ಬಂದವು, ಜನ ನುಗ್ಗಿದ ರಭಸಕ್ಕೆ ತಾಣವೇ ತತ್ತರಿಸಿತು. ಉತ್ತರ ಸಿಕ್ಕಿದ್ದು ಹತ್ತಕ್ಕೆ. ಲಾಪ್‌ಟಾಪ್ ಮುಂದೆ ಕುಳಿತ ಫೋಟೊ ಹಾಕಿದ್ದರು, ಇವರೇ ಎಂಬುದಕ್ಕೆ ಪುರಾವೆ.

ಗುಬ್ಬಿ ಗೇಟ್

ಹತ್ತೇ? ನಮ್ಮ ಪುರಸಭೆ ಸದಸ್ಯರು ಚಹಾ ಅಂಗಡಿಯಲ್ಲಿ ಅದಕ್ಕಿಂತ ಹೆಚ್ಚು ಉತ್ತರಿಸುತ್ತಾರೆ.

ಹಿರೇಹಳ್ಳಿ ಸಾಫ್ಟ್‌ವೇರ್

ಉತ್ತರ ಸಿಕ್ಕ ಹತ್ತರಲ್ಲಿ ಒಂದು ಪ್ರಶ್ನೆ ಏನು ಗೊತ್ತೇ? ಶ್ವೇತಭವನದಲ್ಲಿ ತಯಾರಿಸುವ ಬಿಯರ್‌ನ ಪಾಕವಿಧಾನ ಕೊಡಿ ಎಂಬುದು. ಬೇಗ ಕೊಡುತ್ತೇವೆ ಎಂದರು. ಕೆಲವೇ ದಿನಗಳಲ್ಲಿ ನಿಜವಾಗಿಯೂ ಪ್ರಕಟಿಸಿದರು.

ವೇಮಗಲ್ ಟೊಮೆಟೊ

ಅಲ್ಲಿಯೂ "ಬೇಗ"! ತಂಗಿಗೆ ತೋರಿಸಿದೆ. ಇವತ್ತು ಮೊದಲ ಸಲ ಮಾತಾಡಿದಳು: "ನೋಡಿದೆಯಾ?"

ತಿಪಟೂರು ಕೊಬ್ಬರಿ

ನನ್ನ ಕಥೆ ಕೇಳಿ. 2021ರ ಲಾಕ್‌ಡೌನ್. ಮೇ ತಿಂಗಳಲ್ಲಿ ಕ್ಲಬ್‌ಹೌಸ್ ಎಂಬ ಧ್ವನಿ ಹರಟೆಯ ಆ್ಯಪ್ ಆಂಡ್ರಾಯ್ಡ್ ಫೋನುಗಳಿಗೂ ಬಂತಲ್ಲ, ಆಗ ಕನ್ನಡದ ಕೋಣೆಗಳು ನಡುರಾತ್ರಿಯವರೆಗೂ ತುಂಬಿರುತ್ತಿದ್ದವು. ಒಂದು ರಾತ್ರಿ ನನಗೆ ಬಹಳ ಇಷ್ಟವಾದ ಗಾಯಕರೊಬ್ಬರು ಬಂದರು. ಕೈ ಎತ್ತುವ ಗುರುತು ಒತ್ತಿ ಕಾದೆ. ಒಂದು ಗಂಟೆ ಐವತ್ತು ನಿಮಿಷ. ಚಾರ್ಜರ್‌ನ ತಂತಿ ಗಿಡ್ಡ, ಹಾಗಾಗಿ ಅಡುಗೆಮನೆಯ ಗೋಡೆಗೆ ಒರಗಿಕೊಂಡು ನೆಲದ ಮೇಲೆ ಕುಳಿತಿದ್ದೆ. ಕೇಳಬೇಕಾದ ಪ್ರಶ್ನೆಯನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದುಕೊಂಡಿದ್ದೆ. ಕೊನೆಗೂ ನನ್ನ ಹೆಸರು ಕರೆದರು. ಮೈಕ್ ತೆರೆದೆ. ಬಾಯಿ ತೆರೆಯುವ ಮುಂಚೆ ಒಳಗಿನಿಂದ ಅಜ್ಜಿ, "ಈ ಹೊತ್ತಿನಲ್ಲಿ ಯಾರ ಹತ್ತಿರವೇ ಮಾತು?" ಎಂದರು. ಇನ್ನೂರು ಮುನ್ನೂರು ಜನರಿಗೆ ಕೇಳಿಸಿತು.

ಗಾಯಕರು ನಕ್ಕು, ಅಜ್ಜಿಗೆ ಕೊಡಮ್ಮ ಎಂದರು. ಅಜ್ಜಿ ಅವರಿಗೆ ಊಟವಾಯಿತೇ ಎಂದು ಕೇಳಿದರು. ಆಮೇಲೆ ಅಜ್ಜಿ ಒಂದು ಸೋಬಾನೆ ಪದದ ಎರಡು ಸಾಲು ಹೇಳಿದರು, ಅವರು ಅದನ್ನೇ ತಿರುಗಿ ಹಾಡಿದರು. ಏಳು ನಿಮಿಷ. ನನ್ನ ಪ್ರಶ್ನೆ ಹಾಲಿನ ಪುಸ್ತಕದಲ್ಲೇ ಉಳಿಯಿತು. ಅದು ಏನೆಂದು ಈಗ ಓದಿದರೆ "ನಿಮ್ಮ ಸ್ಫೂರ್ತಿ ಯಾರು?" ಎಂದಿದೆ. ಉಳಿದದ್ದೇ ಒಳ್ಳೆಯದಾಯಿತು.

ಹೊಸೂರು ದಾರಿ

ಅಕ್ಕಾ, ಅಜ್ಜಿಯ ಖಾತೆ ಇದ್ದರೆ ಹೇಳಿ, ಹಿಂಬಾಲಿಸುತ್ತೇನೆ.

ತಿಪಟೂರು ಕೊಬ್ಬರಿ

ಅಜ್ಜಿ ಹೋಗಿ ಎರಡು ವರ್ಷವಾಯಿತು. ಆ ಧ್ವನಿಯನ್ನು ಯಾರೂ ರೆಕಾರ್ಡ್ ಮಾಡಿಕೊಂಡಿರಲಿಲ್ಲ.

ಪಾವಗಡ ಬಿಸಿಲು

ಸಿನಿಮಾದವರು, ಗಾಯಕರು ಎಲ್ಲ ಸರಿ. ಅಧಿಕಾರಿಗಳ ನೇರಪ್ರಸಾರದ ಬಗ್ಗೆ ಯಾರೂ ಹೇಳುತ್ತಿಲ್ಲವಲ್ಲ. ನಾನು ಒಬ್ಬ ಅಧಿಕಾರಿಯ ನೇರಪ್ರಸಾರದಲ್ಲಿ ಮೂರು ಸಲ ಕೇಳಿದ್ದೇನೆ: ತಂದೆ ತೀರಿಕೊಂಡು ಒಂದೂವರೆ ವರ್ಷವಾಯಿತು, ಪೌತಿ ಖಾತೆ ಆಗಿಲ್ಲ, ಅಂದರೆ ಜಮೀನು ಇನ್ನೂ ವಾರಸುದಾರರ ಹೆಸರಿಗೆ ಬಂದಿಲ್ಲ ಎಂದು. ಮೂರು ಸಲವೂ ಒಂದೇ ಉತ್ತರ: "ಪರಿಶೀಲಿಸಲಾಗುವುದು." ಈ ಕ್ರಿಯಾಪದಕ್ಕೆ ಕರ್ತೃವೇ ಇಲ್ಲ. ಯಾರು ಪರಿಶೀಲಿಸುವುದು? ಗಾಳಿಯೇ?

ಒತ್ತಕ್ಷರ (ಮಧುಗಿರಿ)

ಕರ್ಮಣಿ ಪ್ರಯೋಗ. ಸರ್ಕಾರಿ ಕಚೇರಿಗೆಂದೇ ಮಾಡಿದಂತಿದೆ.

ಬಂಗಾರಪೇಟೆ ಪ್ಲಾಟ್‌ಫಾರ್ಮ್ 2

ಪಾವಗಡದವರೇ, ನಾನೂ ಅಂಥದ್ದೇ ಕಾರ್ಯಕ್ರಮದಲ್ಲಿ ಕೇಳಿದ್ದೆ, ಕೆಲಸ ಆಯಿತು. ಪತ್ರಿಕೆಯವರು ನಡೆಸುವ ಫೋನ್-ಇನ್. ನಾನು ಹೇಳಿದ್ದು ಇಷ್ಟೇ: ಹೋಬಳಿ, ಗ್ರಾಮ, ಅರ್ಜಿ ಕೊಟ್ಟ ತಾರೀಖು, ಸ್ವೀಕೃತಿ ಸಂಖ್ಯೆ, ಯಾವ ಮೇಜಿನಲ್ಲಿ ಎಷ್ಟು ದಿನದಿಂದ ನಿಂತಿದೆ. ಕಷ್ಟ ಹೇಳಿಕೊಳ್ಳಲಿಲ್ಲ. ಮರುದಿನ ಬೆಳಿಗ್ಗೆ ಗ್ರಾಮ ಲೆಕ್ಕಿಗರೇ ಫೋನ್ ಮಾಡಿದರು.

ಒತ್ತಕ್ಷರ (ಮಧುಗಿರಿ)

ಈಗ ಅವರನ್ನು ಗ್ರಾಮ ಆಡಳಿತಾಧಿಕಾರಿ ಎನ್ನಬೇಕು.

ಬಂಗಾರಪೇಟೆ ಪ್ಲಾಟ್‌ಫಾರ್ಮ್ 2

ಹೆಸರು ಬದಲಾದರೂ ಫೋನ್ ಮಾಡಿದ್ದು ಅವರೇ ಸ್ವಾಮಿ.

ಪಾವಗಡ ಬಿಸಿಲು

ಫೋನಿನಲ್ಲಿ ಹೇಳುವುದು ಬೇರೆ. ನಾನು ಬರೆದದ್ದು ಎಲ್ಲರಿಗೂ ಕಾಣುವ ಕಾಮೆಂಟಿನಲ್ಲಿ. ಸರ್ವೆ ನಂಬರ್, ಅಪ್ಪನ ಹೆಸರು ಎಲ್ಲ ಅಲ್ಲಿ ಹಾಕಬೇಕೇ? ನಮ್ಮ ದಾಯಾದಿಗಳು ಅದನ್ನೇ ಕಾಯುತ್ತಿದ್ದಾರೆ.

ಅರ್ಜಿದಾರ (ತುಮಕೂರು)

ಜಮೀನಿನ ವಿವರವನ್ನು ಸಾರ್ವಜನಿಕವಾಗಿ ಹಾಕಲೇಬೇಡಿ. ನೇರಪ್ರಸಾರವನ್ನೇ ನಂಬಿ ಕೂರಲೂ ಬೇಡಿ. ಪೌತಿ ಖಾತೆಗೆ ಕೊಟ್ಟ ಅರ್ಜಿಯ ಮೇಲೆ ಏನು ಕ್ರಮವಾಗಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರಿಸಲೇಬೇಕು, 2005ರ ಕಾಯ್ದೆ. ಅಲ್ಲಿ "ಪರಿಶೀಲಿಸಲಾಗುವುದು" ಎಂದು ಬರೆದರೆ ಮೇಲ್ಮನವಿಗೆ ಹೋಗಬಹುದು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ವಿಶೇಷವಿದೆ: ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಮೊದಮೊದಲು ನನಗೆ ಇದರ ಮೇಲೆ ಕೋಪವಿತ್ತು, ಈಗಲೂ ಪೂರ್ತಿ ಹೋಗಿಲ್ಲ. ಆದರೆ 150 ಪದದೊಳಗೆ ಹಿಡಿಸಲು ಹೋಗಿ, ನನಗೆ ನಿಜವಾಗಿ ಬೇಕಾದದ್ದು ಏನು ಎಂಬುದೇ ಎಷ್ಟೋ ಸಲ ನನಗೆ ಗೊತ್ತಾಗಿದೆ.

ಪಾವಗಡ ಬಿಸಿಲು

ಸೋಮವಾರ ಹಾಕುತ್ತೇನೆ. ಸಂದೇಹ ಬಂದರೆ ಕೇಳುತ್ತೇನೆ.

ಗುಬ್ಬಿ ಗೇಟ್

ನಾನು ತಮಾಷೆ ಮಾಡುತ್ತಾ ಕುಳಿತಿದ್ದೆ, ಆದರೆ ಒಂದು ವಿಷಯ ಹೇಳಲೇಬೇಕು. ಅಮ್ಮನಿಗೆ ಮಂಡಿನೋವು. ಹೆಸರಾಂತ ಮೂಳೆ ವೈದ್ಯರೊಬ್ಬರ ನೇರಪ್ರಸಾರದಲ್ಲಿ ಕಾಮೆಂಟ್ ಹಾಕಿದೆ. ಐದೇ ನಿಮಿಷದಲ್ಲಿ ಅದೇ ಹೆಸರು, ಅದೇ ಫೋಟೊ ಇರುವ ಖಾತೆಯಿಂದ ಉತ್ತರ: ನಿಮ್ಮ ತಾಯಿಯ ವರದಿಗಳನ್ನು ಈ ಸಂಖ್ಯೆಗೆ ವಾಟ್ಸ್ಆ್ಯಪ್ ಮಾಡಿ. ಮಾಡಿದೆ. ನೋಂದಣಿ ಶುಲ್ಕ 2,500 ಎಂದರು. ಕಟ್ಟಿದೆ. ಆಮೇಲೆ ಮೌನ. ವೈದ್ಯರು ಇನ್ನೂ ಪರದೆಯ ಮೇಲೆ ಮಾತಾಡುತ್ತಲೇ ಇದ್ದರು! ಮಾತಾಡುತ್ತಾ ಇರುವವರು ಅದೇ ಹೊತ್ತಿಗೆ ನನಗೆ ಟೈಪ್ ಮಾಡುವುದು ಹೇಗೆ ಎಂದು ನನಗೆ ಹೊಳೆಯಲಿಲ್ಲ ನೋಡಿ. ಬಿ.ಕಾಂ. ಓದಿದ್ದೇನೆ.

ಹಿರೇಹಳ್ಳಿ ಸಾಫ್ಟ್‌ವೇರ್

1930ಕ್ಕೆ ಕರೆ ಮಾಡಿದಿರಾ? ಸೈಬರ್ ವಂಚನೆಗೆ ಇರುವ ಸಹಾಯವಾಣಿ. ಹಣ ಹೋದ ಕೂಡಲೇ ಮಾಡಿದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಗುಬ್ಬಿ ಗೇಟ್

ನಾಲ್ಕು ದಿನ ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಆ ನಾಲ್ಕು ದಿನದಲ್ಲೇ ಹೋಯಿತು.

ಅಂತರಸನಹಳ್ಳಿ ಆಂಟೆನಾ

ನನ್ನ ಲೆಕ್ಕದಲ್ಲಿ ಅತ್ಯುತ್ತಮ ಪ್ರಶ್ನೋತ್ತರ ಇಂಟರ್ನೆಟ್‌ನಲ್ಲಿ ಇಲ್ಲವೇ ಇಲ್ಲ, ಹ್ಯಾಮ್ ರೇಡಿಯೊದಲ್ಲಿದೆ, ಅಂದರೆ ಹವ್ಯಾಸಿಗಳ ರೇಡಿಯೊದಲ್ಲಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವ ಗಗನಯಾತ್ರಿಗಳ ಜೊತೆ ಶಾಲಾ ಮಕ್ಕಳು ಮಾತಾಡುವ ಕಾರ್ಯಕ್ರಮ ವರ್ಷಗಳಿಂದ ನಡೆಯುತ್ತಿದೆ. ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ, ಓಡುವುದು ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ. ಹಾಗಾಗಿ ನಮ್ಮ ದಿಗಂತದ ಒಂದು ತುದಿಯಲ್ಲಿ ಹುಟ್ಟಿ ಇನ್ನೊಂದು ತುದಿಯಲ್ಲಿ ಮುಳುಗಲು ಹತ್ತು ನಿಮಿಷ ಸಿಕ್ಕರೆ ಹೆಚ್ಚು. 2025ರ ಜುಲೈಯಲ್ಲಿ ಶುಭಾಂಶು ಶುಕ್ಲಾ ಮೇಲಿದ್ದಾಗ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಿಂದ ಮಕ್ಕಳು ಹೀಗೆಯೇ ಮಾತಾಡಿದರು.

ಇಂಥ ಸಂಪರ್ಕದಲ್ಲಿ ಮಕ್ಕಳು ಸಾಲಾಗಿ ನಿಂತಿರುತ್ತಾರೆ, ಕೈಯಲ್ಲಿ ಒಂದೊಂದೇ ಚೀಟಿ. ಒಂದು ಪ್ರಶ್ನೆ, ಕೊನೆಯಲ್ಲಿ "ಓವರ್", ಪಕ್ಕಕ್ಕೆ ಸರಿಯಬೇಕು. "ಸರ್, ನಾನು ನಿಮ್ಮ ಅಭಿಮಾನಿ, ಚಿಕ್ಕಂದಿನಿಂದಲೂ" ಎಂದು ಪೀಠಿಕೆ ಹಾಕಿದರೆ ಅಷ್ಟರಲ್ಲಿ ಅವರು ಬಂಗಾಳ ಕೊಲ್ಲಿ ದಾಟಿರುತ್ತಾರೆ. 145.800 ಮೆಗಾಹರ್ಟ್ಸ್‌ನಲ್ಲಿ ಮೇಲಿನವರ ಧ್ವನಿ ಮಾತ್ರ ನಮ್ಮ ಮನೆಯ ಮಹಡಿಗೂ ಕೇಳಿಸುತ್ತದೆ. ಮೊದಲು ಬರೀ ಗೊರಗೊರ ಸದ್ದು, ನಡುವೆ ಸ್ಪಷ್ಟವಾದ ಮನುಷ್ಯನ ಮಾತು, ಮತ್ತೆ ಗೊರಗೊರ. ನೀರಿನ ತೊಟ್ಟಿಯ ಪಕ್ಕ ಆಂಟೆನಾ ಹಿಡಿದು ತಿರುಗುತ್ತಿರುವುದನ್ನು ನೋಡಿ ಎದುರು ಮನೆಯವರು ಕೇಬಲ್ ಹೋಗಿದೆಯೇ ಎಂದು ಕೇಳುತ್ತಾರೆ.

ಹೊಸೂರು ದಾರಿ

ಪ್ರಶ್ನೆ ಕೇಳುವ ಮಾತು ಬಂದಾಗ ನಮ್ಮ ಊರಿನ ಎಚ್. ನರಸಿಂಹಯ್ಯನವರನ್ನು ಬಿಡಲಾಗದು. 1962ರಿಂದ ಬೆಂಗಳೂರು ವಿಜ್ಞಾನ ವೇದಿಕೆಯಲ್ಲಿ ಬುಧವಾರ ಬುಧವಾರ ಉಪನ್ಯಾಸ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರಿಶೀಲಿಸಲು ಸಮಿತಿ ಮಾಡಿದರು. ನಮ್ಮ ಮುಂದೆ ಪವಾಡ ಮಾಡಿ ತೋರಿಸಿ ಎಂದು ಸತ್ಯಸಾಯಿಬಾಬಾ ಅವರಿಗೆ ಮೂರು ಪತ್ರ ಬರೆದರು. ಉತ್ತರ ಬರಲಿಲ್ಲ.

ನಂದಿಬೆಟ್ಟದ ಮಂಜು

ಬಾಬಾ ಅವರು ಆಸ್ಪತ್ರೆ ಕಟ್ಟಿಸಿದರು, ಕುಡಿಯುವ ನೀರು ಕೊಟ್ಟರು. ಅದು ಉತ್ತರವಲ್ಲವೇ?

ಹೊಸೂರು ದಾರಿ

ಕೇಳಿದ ಪ್ರಶ್ನೆಗೆ ಅಲ್ಲ.

ನಂದಿಬೆಟ್ಟದ ಮಂಜು

ನಿಮ್ಮಂಥವರಿಗೆ ಎಷ್ಟು ಹೇಳಿದರೂ

ನಿರ್ವಾಹಕ

ಇಬ್ಬರೂ ಇಲ್ಲಿಗೆ ನಿಲ್ಲಿಸಿ. ಪವಾಡಕ್ಕೆ ಬೇರೆ ಚರ್ಚೆ ಇದೆ, 412 ಉತ್ತರಗಳಾಗಿವೆ, ಅಲ್ಲಿಗೆ ಹೋಗಿ 413ನೆಯದು ಬರೆಯಿರಿ.

ನಿವೃತ್ತ ಮೇಷ್ಟ್ರು, ಗೌರಿಬಿದನೂರು

ನಾನು ಆ ಬುಧವಾರಗಳಿಗೆ ರೈಲು ಹತ್ತಿ ಹೋಗುತ್ತಿದ್ದವನು. ಒಂದು ಸಲ ಉಪನ್ಯಾಸ ಮುಗಿದ ಮೇಲೆ ಎದ್ದು ನಿಂತು ಮೂರು ನಿಮಿಷ ಮಾತಾಡಿ ಕುಳಿತೆ. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಮೆಲ್ಲಗೆ, "ಸರ್, ಪ್ರಶ್ನೆ ಯಾವುದು?" ಎಂದಳು. ಆ ರಾತ್ರಿ ಗೌರಿಬಿದನೂರು ಬರುವವರೆಗೂ ಅದೇ ತಲೆಯಲ್ಲಿ ಸುತ್ತುತ್ತಿತ್ತು.

ಬಂಗಾರಪೇಟೆ ಪ್ಲಾಟ್‌ಫಾರ್ಮ್ 2

ಟೊಮೆಟೊ ಅಣ್ಣ, ಕಿಸಾನ್ ಕಾಲ್ ಸೆಂಟರ್ ಮರೆತೇಬಿಟ್ಟಿರಾ? 1800-180-1551. 2004ರಿಂದ ಇದೆ, ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ, ಕನ್ನಡದಲ್ಲೇ ಮಾತಾಡುತ್ತಾರೆ. ಅವರ ಹೆಸರು ನಮಗೆ ಗೊತ್ತಿರುವುದಿಲ್ಲ, ಸ್ಕ್ರೀನ್‌ಶಾಟ್ ತೆಗೆದು ಚಿಕ್ಕಮ್ಮನಿಗೆ ಕಳುಹಿಸಲೂ ಆಗುವುದಿಲ್ಲ. ಆದರೆ ಯಾವ ಜಿಲ್ಲೆ, ಯಾವ ತಾಲ್ಲೂಕು, ಯಾವ ಬೆಳೆ ಎಂದು ಮೊದಲು ಅವರೇ ಕೇಳುತ್ತಾರೆ. ಬೆಳೆ ಯಾವುದೆಂದು ಕೇಳಿದ್ದರೆ ನಿಮ್ಮ ತೋಟಕ್ಕೆ ಕಿಟಕಿ ಬರುತ್ತಿರಲಿಲ್ಲ.

ಶಿಡ್ಲಘಟ್ಟ ರೀಲರ್

ಅದೇ ನಾನು ಹೇಳಿದ್ದು. ವಿಜ್ಞಾನಿ ಹೆಸರು ಓದಿದರು, ಊರು ಕೇಳಲಿಲ್ಲ.

ಹಿರೇಹಳ್ಳಿ ಸಾಫ್ಟ್‌ವೇರ್

ಈಗ ನೀವೇ ಪಕ್ಷ ಬದಲಾಯಿಸಿದಿರಿ ಅಣ್ಣ. ಮೊದಲು ತಪ್ಪು ವಿಜ್ಞಾನಿಯದಲ್ಲ ಎಂದಿದ್ದಿರಿ.

ಶಿಡ್ಲಘಟ್ಟ ರೀಲರ್

ಸಂಜೆಯಾಯಿತಲ್ಲ.

ವೇಮಗಲ್ ಟೊಮೆಟೊ

ಎಲ್ಲರಿಗೂ ಧನ್ಯವಾದ. ನಿನ್ನೆ ಅದೇ ವಿಜ್ಞಾನಿಯ ಎರಡನೆಯ ನೇರಪ್ರಸಾರವಿತ್ತು. ಈ ಸಲ ಹೀಗೆ ಬರೆದೆ: "ಕೋಲಾರ ತಾಲ್ಲೂಕು. ಟೊಮೆಟೊ, ನಾಟಿ ಮಾಡಿ 48 ದಿನ. ಎಲೆಯಲ್ಲಿ ಬಿಳಿ ಸುರಂಗದ ಗೆರೆ, ಕಾಯಿಯ ತೊಟ್ಟಿನ ಹತ್ತಿರ ಸೂಜಿ ತೂತು. ನಮ್ಮ ಕಡೆ ಇದನ್ನೂ ಊಜಿ ಎನ್ನುತ್ತೇವೆ, ರೇಷ್ಮೆಯದಲ್ಲ. ಎರಡು ಸಲ ಔಷಧಿ ಹೊಡೆದಿದ್ದೇವೆ. ಮೋಹಕ ಬಲೆಯನ್ನು ಈಗ ಕಟ್ಟಿದರೆ ಉಪಯೋಗವಿದೆಯೇ, ತಡವಾಯಿತೇ?"

ಅವರು ಓದಿ ಸ್ವಲ್ಪ ಹೊತ್ತು ಸುಮ್ಮನಾದರು. ಹೋದ ಸಲದ ಕಿಟಕಿ ಪರದೆಯವರು ನೀವೇನಾ ಎಂದು ನಕ್ಕರು. ಬಲೆ ಈಗಲೂ ಕಟ್ಟಿ, ಗಂಡು ಪತಂಗ ಎಷ್ಟು ಬೀಳುತ್ತವೆ ಎಂದು ಎಣಿಸಿ, ತೂತು ಬಿದ್ದ ಎಲೆ ಕಾಯಿಗಳನ್ನು ಬದುವಿನ ಮೇಲೆ ಎಸೆಯದೆ ಹೂತುಹಾಕಿ ಎಂದರು. ಆಮೇಲೆ ನನ್ನನ್ನೇ ಕೇಳಿದರು: ಪಕ್ಕದ ತೋಟದಲ್ಲಿ ಏನಿದೆ? ಹಳೆಯ ಟೊಮೆಟೊ ಗಿಡ ಕೀಳದೆ ಹಾಗೇ ಬಿಟ್ಟಿದ್ದಾರೆಯೇ?

ನನಗೆ ಗೊತ್ತಿರಲಿಲ್ಲ. ಅಪ್ಪ ಹಿಂದಿನಿಂದ, "ಬಿಟ್ಟಿದ್ದಾನೆ, ಎರಡು ತಿಂಗಳಾಯಿತು, ಅವನಿಗೆ ಹೇಳುವವರು ಯಾರು?" ಎಂದರು. ಪಕ್ಕದ ತೋಟದವರು ನಮ್ಮ ದೊಡ್ಡಪ್ಪ. ಅಪ್ಪನಿಗೂ ಅವರಿಗೂ ಮೂರು ವರ್ಷದಿಂದ ಮಾತಿಲ್ಲ.

ಗುಬ್ಬಿ ಗೇಟ್

ದೊಡ್ಡಪ್ಪನ ನೇರಪ್ರಸಾರ ಯಾವಾಗ?

ವೇಮಗಲ್ ಟೊಮೆಟೊ

ಬೇಗ.